ಕೊನೆಯ ಸಾಲಿನ ಬಾಯಮ್ಮ

ಕದ್ದವರು ಕದ್ದಿಲ್ಲವೆಂದು ಸಾಧಿಸುವುದು ಲೋಕರೂಢಿ. ಕೊಟ್ಟವರು ಕೊಟ್ಟಿಲ್ಲವೆಂದು ಸಾಧಿಸುವುದನ್ನು ನಾನು ಕಂಡದ್ದು ಹೆಗ್ಗದ್ದೆಯ ಬೆನೆಡಿಕ್ಟಾ ಬಾಯಿಯವರಲ್ಲಿ ಮಾತ್ರ. ಅವರು ಕೊಟ್ಟ ಸ್ವೆಟರನ್ನೇ ಮೈಮೇಲೆ ಹಾಕಿಕೊಂಡು, ಅವರೆದುರಿಗೇ ನಿಂತು, ‘ಬಾಯಮ್ಮ, ನೀವು ಕೊಟ್ಟಿದ್ದು ಬೋ ಬೆಚ್ಗೈತೆ’ ಎಂದವರಿಗೆ, ಅವರು ಹುಬ್ಬು ಗಂಟಿಕ್ಕಿ, ಆ ಸ್ವೆಟರನ್ನು ಮೇಲಿಂದ ಕೆಳಗಿನ ತನಕ ಪರಾಂಬರಿಸಿ, ‘ನಂದಲ್ಲ ಮಾರಾಯ ಅದು, ನನಗೆ ಹೆಣಿಗೆಯೇ ಬರುವುದಿಲ್ಲ’ ಎಂದುಬಿಡುತ್ತಿದ್ದರು. ಹಾಗೆನ್ನುವಾಗ ಅವರ ಸೆರಗಿನ ಅಂಚಿಗೆ ಅದೇ ಬಣ್ಣದ ಉಲ್ಲನ್ನಿನ ಎಳೆಯೊಂದು ಅಂಟಿಕೊಂಡಿರುತ್ತಿತ್ತು.

ಒಳ್ಳೆಯತನ ಕಂಡರೆ ನನಗೆ ಮೊದಲು ಹುಟ್ಟುವುದು ಅನುಮಾನ. ಅದು ನನ್ನ ತಪ್ಪಲ್ಲ, ನಾನು ನೋಡಿಕೊಂಡು ಬಂದ ಒಳ್ಳೆಯತನದ್ದು. ಬೆಳಗಾದರೆ ಹೂವಿನ ಚಿತ್ರದ ಜೊತೆ ಮೊಬೈಲಿಗೆ ಸದ್ವಿಚಾರ ಕಳಿಸುವವರು, ಹತ್ತು ಕಂಬಳಿ ಹಂಚಿ ಕಂಬಳಿಗಿಂತ ದೊಡ್ಡ ಬ್ಯಾನರು ಕಟ್ಟುವವರು, ಒಂದು ಚಿಪ್ಪು ಬಾಳೆಹಣ್ಣನ್ನು ಆರು ಜನ ಹಿಡಿದುಕೊಂಡು ರೋಗಿಯ ಮಂಚದ ಪಕ್ಕ ಫೋಟೋಕ್ಕೆ ನಿಲ್ಲುವವರು, ಇಂಥವರ ಫಸಲು ನಮ್ಮ ಕಡೆ ಕಾಫಿಗಿಂತ ಹುಲುಸು. ಆದ್ದರಿಂದ ಹೆಗ್ಗದ್ದೆಯಲ್ಲೊಬ್ಬ ಮುದುಕಿ ಯಾರಿಗೂ ತಿಳಿಯದಂತೆ ಕೊಡುತ್ತಾಳೆ, ಕೇಳಿದರೆ ಇಲ್ಲ ಎನ್ನುತ್ತಾಳೆ ಎಂದು ಕೇಳಿದಾಗ, ಇದು ಯಾವುದೋ ಹೊಸ ತಳಿಯ ಡಂಭವಿರಬೇಕು, ಬಯಲಿಗೆಳೆದು ವಾರದ ಅಂಕಣದಲ್ಲಿ ಒಣಗಹಾಕಬೇಕು ಎಂದುಕೊಂಡೇ ನಾನು ಅಲ್ಲಿಗೆ ಹೋದದ್ದು.

ಅವರ ಅಜ್ಜ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು. ಗಂಡ ವಿನ್ಸೆಂಟ್ ದೊಡ್ಡ ಎಸ್ಟೇಟೊಂದರಲ್ಲಿ ರೈಟರಾಗಿದ್ದು, ಆಳುಗಳ ಹಾಜರಿ ಬರೆದು ಬರೆದು ಕೊನೆಗೆ ತಮ್ಮದೇ ನಾಲ್ಕೂವರೆ ಎಕರೆ ಮಾಡಿ, ಅದರ ಮೊದಲ ಒಳ್ಳೆಯ ಬೆಳೆ ನೋಡುವ ಮುಂಚೆ ತೀರಿಕೊಂಡರು. ಅವರ ಖಾಕಿ ಕೋಟನ್ನೇ ಬಾಯಿಯವರು ವರ್ಷದ ಒಂಬತ್ತು ತಿಂಗಳು ಸೀರೆಯ ಮೇಲೆ ತೊಡುತ್ತಿದ್ದರು. ಆ ಕೋಟಿನ ಎರಡೂ ಜೇಬುಗಳ ಬಾಯನ್ನು ದಪ್ಪ ದಾರದಿಂದ ಹೊಲಿದು ಮುಚ್ಚಿದ್ದರು. ಯಾಕೆಂದು ಕೇಳಿದ್ದಕ್ಕೆ, ‘ಕೈಗೆ ಬೆಚ್ಚಗಿನ ಜಾಗ ಸಿಕ್ಕಿದರೆ ಅದು ಕೆಲಸಕ್ಕೆ ಹೊರಗೆ ಬರುವುದಿಲ್ಲ’ ಎಂದರು. ನಡಿಗೆಯೂ ಲೋಕಕ್ಕೆ ವಿರುದ್ಧವೇ. ಎಲ್ಲರೂ ಏದುಸಿರು ಬಿಡುವ ಏರಿನಲ್ಲಿ ಅವರು ದಡದಡನೆ ಹತ್ತುತ್ತಿದ್ದರು, ಇಳಿಜಾರಿನಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ನಿಂತು ನಿಂತು ಇಳಿಯುತ್ತಿದ್ದರು. ಏರಿನಲ್ಲಿ ಯಾರಿಗೂ ಮಾತಾಡಿಸಲು ಉಸಿರಿರುವುದಿಲ್ಲ, ಅದಕ್ಕೇ ಅಲ್ಲಿ ಬೇಗ ದಾಟಿಬಿಡಬೇಕು ಎಂಬುದು ಅವರ ಲೆಕ್ಕಾಚಾರವೆಂದು ನಾನು ಊಹಿಸಿದ್ದೇನೆ.

ಮಾತಿಗೊಮ್ಮೆ ‘ದೇವ್ ಬರೆಂ ಕರುಂ’ ಎನ್ನುವ ಚಾಳಿ ಬೇರೆ. ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ, ಕೊಂಕಣಿಯವರು ಧನ್ಯವಾದಕ್ಕೆ ಬಳಸುವ ಮಾತು. ಬಸ್ಸಿನಿಂದ ಇಳಿದರೆ ಬಸ್ಸಿಗೆ, ಬಿಸಿಲು ಬಂದರೆ ಬಿಸಿಲಿಗೆ, ಕರೆಂಟು ಹೋಗಿ ಮೂರನೆಯ ದಿನಕ್ಕೆ ಬಂದರೆ ಕಂಬಕ್ಕೆ, ಎಲ್ಲಕ್ಕೂ ಅದು ಸಲ್ಲುತ್ತಿತ್ತು. ಮಳೆಗಾಲದಲ್ಲಿ ಬಸ್‌ಸ್ಟಾಂಡಿನ ಮೊಳೆಗೆ ಮೂರು ಕೊಡೆಗಳನ್ನು ನೇತುಹಾಕಿ ಬರುವುದು, ಬೇಕಾದವರು ಒಯ್ದು ತಂದಿಡಲಿ ಎಂಬುದು ಅವರ ಒಂದು ಕ್ರಮ. ಒಂದು ವರ್ಷ ವಾರದೊಳಗೆ ಮೂರೂ ಮಾಯವಾದವು. ನೆರೆಯ ಎಸ್ಟೇಟಿನ ಸೋಮಯ್ಯನವರು, ‘ಹೋದ್ವಲ್ಲ ಬಾಯಮ್ಮ, ಈಗ ಯಾರಿಗೆ ಹರಸ್ತೀರ?’ ಎಂದು ಚುಚ್ಚಿದಾಗ, ‘ಮಳೆಯಲ್ಲಿ ಹೋದ ಕೊಡೆ ಅಲ್ವಾ, ಕೆಲಸಕ್ಕೇ ಹೋದದ್ದು. ತಗೊಂಡವನಿಗೂ ದೇವ್ ಬರೆಂ ಕರುಂ’ ಎಂದರಂತೆ. ಮತ್ತೆ, ‘ಕೊಡೆ ನನ್ನದು ಅಂತ ಯಾರು ಹೇಳಿದ್ದು?’ ಎಂದೂ ಸೇರಿಸಿದರಂತೆ.

ಆದರೆ ಊರಿನ ಕಣ್ಣು ಬಿದ್ದಿದ್ದದ್ದು ಕೊಡೆಯ ಮೇಲಲ್ಲ, ಅವರ ತೋಟದ ಕೊನೆಯ ಸಾಲಿನ ಮೇಲೆ. ಪ್ರತಿ ವರ್ಷ ಕಾಫಿ ಕುಯ್ಯುವಾಗ, ತೋಟದ ತಳದಲ್ಲಿ ಹಳ್ಳದ ಪಕ್ಕಕ್ಕಿರುವ ಒಂದು ಸಾಲನ್ನು ಮುಟ್ಟದೆ ಬಿಡುತ್ತಿದ್ದರು. ಬೇಕಾದವರು ಬಂದು ಕುಯ್ದುಕೊಂಡು ಹೋಗಬೇಕು; ಹೇಳಬೇಕಾದ್ದಿಲ್ಲ, ಕೇಳಬೇಕಾದ್ದಿಲ್ಲ. ಈ ಕ್ರಮ ಶುರುವಾದ ಮೇಲೆ ಅವರು ಹಳ್ಳದ ಕಡೆ ಕಾಲಿಡುತ್ತಲೇ ಇರಲಿಲ್ಲ. ಆ ದಿಕ್ಕಿನ ಕಿಟಕಿಗೆ ಹಲಗೆ ಹೊಡೆಸಿಬಿಟ್ಟಿದ್ದರು.

‘ಮೊದಲ ಹಣ್ಣು ದೇವರಿಗೆ ಅಂತ ಎಲ್ಲರೂ ಕೊಡ್ತಾರೆ. ಕೊನೆಯದ್ದೂ ಅವನದ್ದೇ ಅಲ್ವಾ? ಅವನು ಕಾಫಿ ಕುಡಿಯುವುದಿಲ್ಲ, ಬೇಕಾದವರು ತಗೊಳ್ತಾರೆ,’ ಎಂದರು ನಾನು ಕೆದಕಿದಾಗ.

‘ತಗೊಳ್ಳೋದು ಯಾರು ಅಂತ ನೋಡಬಾರದಾ?’

‘ನೋಡಿದರೆ ಅವರು ಥ್ಯಾಂಕ್ಸ್ ಹೇಳಬೇಕಾಗ್ತದೆ ಮಾರಾಯ. ಕೊಟ್ಟವಳು ಕಂಡರೆ ತಗೊಂಡವರ ತಲೆ ತಗ್ಗುತ್ತದೆ. ನನಗೆ ಯಾರ ತಲೆಯೂ ತಗ್ಗುವುದು ಬೇಡ.’

ಮಾತು ಚೆನ್ನಾಗಿತ್ತು. ಚೆನ್ನಾಗಿತ್ತೆಂಬ ಕಾರಣಕ್ಕೇ ನಾನು ನಂಬಲಿಲ್ಲ. ಸೋಮಯ್ಯನವರಂತೂ ಮೊದಲಿನಿಂದಲೂ ನಂಬಿದವರಲ್ಲ. ‘ಆಳುಗಳನ್ನ ಒಳಗೊಳಗೇ ತನ್ನ ಕಡೆ ಮಾಡ್ಕತಾವ್ರೆ ಕಣ್ರೀ ಪೇಪರ್‌ನೋರೆ,’ ಎಂದು ಅವರು ನನ್ನ ಕಿವಿಯೂದಿದ್ದರು. ‘ಇವತ್ತು ಸಾಲು ಕೊಡ್ತಾರೆ, ನಾಳಿಕ್ಕೆ ಚರ್ಚಿಗೆ ಕರೀತಾರೆ. ಸುಮ್ಕೆ ಯಾರು ಕಾಫಿ ಬುಡ್ತಾರೆ, ಅದೂ ಈ ರೇಟಲ್ಲಿ?’ ಸಾಲು ಬಿಡತೊಡಗಿದ ಹನ್ನೊಂದು ವರ್ಷದಲ್ಲಿ ಒಬ್ಬರನ್ನಾದರೂ ಚರ್ಚಿಗೆ ಕರೆದದ್ದು ಉಂಟೇ ಎಂದರೆ ಉತ್ತರವಿಲ್ಲ. ಉತ್ತರವಿಲ್ಲದಿರುವುದೇ ಅವರಿಗೆ ಇನ್ನೊಂದು ಪುರಾವೆ.

ಆ ರೇಟಿನ ಮಾತು ಮಾತ್ರ ನಿಜ. ಕಾಫಿ ಬೆಲೆ ಕಂಡರಿಯದಷ್ಟು ಏರಿದ ವರ್ಷಗಳಲ್ಲಿ ನಮ್ಮ ಬೆಟ್ಟಗಳ ಸ್ವಭಾವವೇ ಬದಲಾಯಿತು. ಗಿಡದ ಮೇಲಿನ ಹಣ್ಣನ್ನೇ ಕದ್ದೊಯ್ಯುವ ಕಳ್ಳರು ಹುಟ್ಟಿಕೊಂಡರು. ಕಾಫಿ ಒಣಗಿಸುವ ಕಣಕ್ಕೆ ಕ್ಯಾಮೆರಾ ಬಂತು, ಗೇಟಿಗೆ ನಾಯಿ ಬಂತು. ಬೆಳೆಗಾರರು ಸೇರಿ ಒಂದು ಕಾವಲು ಗುಂಪು ಕಟ್ಟಿ ಸೋಮಯ್ಯನವರನ್ನು ಅದರ ತಲೆಯಾಗಿ ಮಾಡಿದರು. ಸಣ್ಣ ಮೂಟೆ ಹೊತ್ತ ಬಡವರು ಕಂಡರೆ ತಿಳಿಸಬೇಕೆಂದು ಕಾಫಿ ಕೊಳ್ಳುವ ಅಂಗಡಿಗಳಿಗೆಲ್ಲ ಹೇಳಿಟ್ಟರು. ದೊಡ್ಡ ಮೂಟೆಯನ್ನು ಯಾರೂ ಅನುಮಾನಿಸಬೇಕೆಂದಿರಲಿಲ್ಲ.

ಕಳೆದ ವರ್ಷದ ಫೆಬ್ರವರಿಯಲ್ಲಿ ನಾನು ಬಾಯಿಯವರ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಒಳಗೆ ಫೋನು ಬಡಿದುಕೊಂಡಿತು. ಸೋಮಯ್ಯನವರ ಧ್ವನಿ ಜಗಲಿಯವರೆಗೂ ಕೇಳುವಷ್ಟು ದೊಡ್ಡದು.

‘ಬಾಯಮ್ಮ, ಒಂದೇ ಮಾತು. ನಮ್ಮ ಲೈನಿನ ದೇವೀರಮ್ಮಂಗೆ ನೀವೇನಾರ ಕಾಫಿ ಕೊಟ್ಟಿದ್ರಾ?’

ಬಾಯಿಯವರ ಮುಖದಲ್ಲಿ ಆ ಹಳೆಯ ಗಂಟು ಮೂಡಿತು. ‘ನಾನು ಯಾರಿಗೂ ಎಂತದೂ ಕೊಟ್ಟಿಲ್ಲ.’

‘ಖಂಡಿತಾನಾ?’

‘ಹೇಳಿದೆನಲ್ಲ ಮಾರಾಯ, ಕೊಟ್ಟಿಲ್ಲ.’

ಫೋನಿಟ್ಟು ಬಂದು, ‘ಈ ಸೋಮಯ್ಯನಿಗೆ ಬೇರೆ ಕೆಲಸವಿಲ್ಲ, ನನ್ನ ಬಾಯಿ ಬಿಡಿಸುವುದೇ,’ ಎಂದು ನಕ್ಕರು. ನಾನೂ ನಕ್ಕೆ.

ಬಸ್‌ಸ್ಟಾಂಡಿಗೆ ಬಂದಾಗ ಬಾಡಿಗೆ ಜೀಪಿನ ಶಿವು ಸಿಕ್ಕಿದ. ಸೋಮಯ್ಯನವರ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿರುವ ದೇವೀರಮ್ಮನನ್ನು ಅಂದು ಬೆಳಿಗ್ಗೆ ಎರಡು ಮೂಟೆ ಒಣಗಿದ ಕಾಫಿಯೊಡನೆ ಸಕಲೇಶಪುರಕ್ಕೆ ಕರೆದೊಯ್ದಿದ್ದವನು ಅವನೇ. ಅಂಗಡಿಯವರು ಯಾರ ತೋಟದ್ದೆಂದು ಕೇಳಿದ್ದಾರೆ. ಬಾಯಮ್ಮನ ಕೊನೆಯ ಸಾಲಿನದ್ದೆಂದು ಆಕೆ ಹೇಳಿದ್ದಾಳೆ. ಅವರು ಮೂಟೆ ಹಿಡಿದಿಟ್ಟು ಸೋಮಯ್ಯನವರಿಗೆ ಫೋನು ಮಾಡಿದ್ದಾರೆ.

‘ಬಾಯಮ್ಮನೇ ಕೊಟ್ಟಿಲ್ಲ ಅಂದ್ಬುಟ್ರಂತಲ್ಲ ಸಾರ್,’ ಎಂದ ಶಿವು. ‘ನಾಳೆ ಹತ್ಗಂಟೆಗೆ ಕಣದಾಗೆ ಪಂಚಾಯ್ತಿ. ಕಳ್ಳಿ ಅಂತ ಆದ್ರೆ ಲೈನ್ ಮನೆ ಖಾಲಿ ಮಾಡುಸ್ತಾರೆ. ಆಮ್ಯಾಕೆ ಯಾವ ಎಸ್ಟೇಟ್ನೋರು ಒಳಗ್ ಬಿಟ್ಕತಾರೆ ಹೇಳಿ. ಇಪ್ಪತ್ತೈದು ವರ್ಷ ಆಯ್ತು ಅವಳು ಈ ಬೆಟ್ಟದಾಗೆ ಕುಯ್ಯಾಕೆ ಸುರು ಮಾಡಿ.’

ನಾನು ಮತ್ತೆ ಏರು ಹತ್ತಿ ಹೋಗಿ ವಿಷಯ ಹೇಳಿದೆ. ಬಾಯಿಯವರು ಲೋಟ ತೊಳೆಯುತ್ತಿದ್ದವರು ಹಾಗೆಯೇ ನಿಂತರು. ‘ಅವನು ಯಾಕೆ ಕೇಳಿದ್ದು ಅಂತ ನಾನು ಕೇಳಲೇ ಇಲ್ಲ ನೋಡು,’ ಎಂದರು. ತಕ್ಷಣ ಫೋನು ಮಾಡಿದರು. ‘ನಾಳೆ ಕಣದಾಗೆ ಬಂದು ಹೇಳಿ ಬಾಯಮ್ಮ,’ ಎಂದು ಸೋಮಯ್ಯನವರು ಇಟ್ಟುಬಿಟ್ಟರು.

ಮರುದಿನ ಸೋಮಯ್ಯನವರ ಕಣದಲ್ಲಿ ಇಪ್ಪತ್ತು ಇಪ್ಪತ್ತೈದು ಬೆಳೆಗಾರರು. ಮೂಟೆಗಳೆರಡು ನಡುವೆ, ಅವುಗಳ ಪಕ್ಕದಲ್ಲಿ ದೇವೀರಮ್ಮ. ಐವತ್ತರ ಆಸುಪಾಸಿನ ಒಣಕಲು ಹೆಂಗಸು. ಅಳುತ್ತಿರಲಿಲ್ಲ, ಯಾರನ್ನೂ ನೋಡುತ್ತಲೂ ಇರಲಿಲ್ಲ. ಬಾಯಿಯವರಿಗೆ ಕುರ್ಚಿ ತರಿಸಿದರು. ಅವರು ಕೂರಲಿಲ್ಲ.

‘ನಿನ್ನೆ ನಾನು ಹೇಳಿದ್ದು ಸುಳ್ಳು. ಆ ಕಾಫಿ ನನ್ನ ಕೊನೆಯ ಸಾಲಿನದ್ದು, ನಾನೇ ಬಿಟ್ಟದ್ದು.’

‘ನಿನ್ನೆ ಕೊಟ್ಟಿಲ್ಲ, ಇವತ್ತು ಕೊಟ್ಟಿದೀರ. ನಾಳಿಕ್ಕೇನಂತೀರ?’ ಎಂದರು ಸೋಮಯ್ಯ. ‘ಬೇಜಾರ್ ಮಾಡ್ಕಬೇಡಿ ಬಾಯಮ್ಮ. ಕೊಡೆ ಕದ್ದೋನ್ಗೂ ಒಳ್ಳೇದಾಗ್ಲಿ ಅಂದೋರು ನೀವು. ಪಾಪ ಅಂತ ಇವಳ್ನೂ ಬಿಡ್ಸಾಕೆ ಬಂದಿದೀರ ಅಂತ ನಾವ್ ಅನ್ಕಂಡ್ರೆ ತಪ್ಪೇನೈತೆ?’

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

‘ಆಯ್ತು, ಇವಳು ಅಲ್ಲಿ ಕುಯ್ದಿದ್ದು ನೀವ್ ಕಣ್ಣಾರೆ ನೋಡಿದ್ರಾ?’

‘ಇಲ್ಲ. ನಾನು ನೋಡುವುದಿಲ್ಲ.’

‘ಎಷ್ಟು ವರ್ಷದಿಂದ?’

‘ಹನ್ನೊಂದು.’

‘ಮತ್ತಿನ್ನೇನ್ ಸಾಕ್ಷಿ ಹೇಳ್ತೀರ?’

ಸೋಮಯ್ಯನವರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಪ್ರಶ್ನೆ ಖೋಟಾ ಆಗಿರಲಿಲ್ಲ. ಹನ್ನೊಂದು ವರ್ಷ ಕಣ್ಣು ಮುಚ್ಚಿಕೊಂಡು ಕಾಯ್ದ ವ್ರತವು, ಕಣ್ಣು ಬೇಕಾದ ಗಳಿಗೆಯಲ್ಲಿ ಆ ಹೆಂಗಸಿನ ಪಾಲಿಗೆ ಕವಡೆಗೂ ಬಾರದೆ ಹೋಯಿತು.

ಮಾತಾಡಿದವಳು ದೇವೀರಮ್ಮ. ‘ಮೂವತ್ತೆರಡು ಗಿಡ ಸಾವ್ಕಾರ್ರೆ. ಹಳ್ಳದ ತಲೆಯಿಂದ ಎಣಿಸ್ಕಳಿ. ಐದನೇದು ಬೋಳು. ಹದಿನಾಕನೇದ್ರಾಗೆ ಕೆಂಜಿಗದ ಗೂಡೈತೆ, ಅದ್ಕೇ ಅದ್ರ ಹಣ್ಣು ನಾನು ಕಿತ್ತಿಲ್ಲ, ಗಿಡದಾಗೇ ಒಣಗೈತೆ. ಬನ್ನಿ, ತೋರುಸ್ತೀನಿ.’

ಎಲ್ಲರೂ ಇಳಿದುಹೋದೆವು. ಆಳು ಸಿಗದೆ ಬಾಯಿಯವರ ತೋಟವೆಲ್ಲ ಕಾಡು ಬೆಳೆದಿತ್ತು. ಬೇಡದ ಚಿಗುರು ಎದೆಯೆತ್ತರ, ಬುಡದಲ್ಲಿ ಕಳೆ. ಹಾಗೆಯೇ ಇಳಿದು ಹಳ್ಳದ ಬಳಿಗೆ ಬಂದರೆ, ಆ ಒಂದು ಸಾಲು ಮಾತ್ರ ಬಾಚಿ ಜಡೆ ಹಾಕಿದಂತಿತ್ತು. ಬುಡ ಬಿಡಿಸಿ ತರಗು ಹೊದಿಸಿತ್ತು. ರೆಂಬೆಗಳನ್ನು ಹದವಾಗಿ ಸವರಿತ್ತು. ಐದನೆಯದು ಬೋಳಾಗಿತ್ತು. ಹದಿನಾಲ್ಕನೆಯದರಲ್ಲಿ ಕೆಂಪಿರುವೆಗಳ ಗೂಡೂ ಕಪ್ಪಿಟ್ಟ ಹಣ್ಣೂ ಇದ್ದವು. ಸೋಮಯ್ಯನವರು ಏನಿಲ್ಲದಿದ್ದರೂ ಕಾಫಿ ಬಲ್ಲವರು. ಒಂದು ರೆಂಬೆಯ ಕಡಿತದ ಮೇಲೆ ಹೆಬ್ಬೆರಳಿಟ್ಟು ನೋಡಿದರು, ಇನ್ನೊಂದು ಗಿಡಕ್ಕೆ ಹೋದರು, ಮತ್ತೊಂದಕ್ಕೆ ಹೋದರು. ಹೊಸ ಗಾಯ, ಮಾಗಿದ ಗಾಯ, ತೊಗಟೆ ಮುಚ್ಚಿಕೊಂಡ ಹಳೆಯ ಗಾಯ, ಎಲ್ಲದರ ಓರೆಯೂ ಒಂದೇ ಕಡೆಗಿತ್ತು.

‘ಎಡಗೈ ಕತ್ತಿ,’ ಎಂದರು ಮೆಲ್ಲಗೆ. ‘ನಮ್ ತೋಟದಾಗೂ ಇವಳು ಸವರಿದ್ದು ಹಿಂಗೇ ಇರ್ತದೆ. ಎಡಚಿ ಅಂತ ನಾನೇ ಎಷ್ಟ್ ಸಲ ಬೈದಿದೀನಿ.’ ಆಮೇಲೆ ಆಕೆಯ ಕಡೆ ತಿರುಗಿ, ‘ಇದ್ನ ಮಾಡು ಅಂತ ಯಾರ್ ಹೇಳಿದ್ರು ನಿಂಗೆ?’

‘ಯಾರ್ ಹೇಳ್ಬೇಕು ಸಾವ್ಕಾರ್ರೆ? ಭಾನುವಾರ ರಜಾ ಇರ್ತಿತ್ತು, ಬತ್ತಿದ್ದೆ. ಉಂಡ ಎಲೆ ಎತ್ತಾಕಿಲ್ವಾ?’

ಬಾಯಿಯವರು ಚರ್ಚಿಗೆ ಹೋಗುತ್ತಿದ್ದದ್ದೂ ಭಾನುವಾರವೇ. ಒಬ್ಬರು ಅಲ್ಲಿ ಮೊಣಕಾಲೂರಿ ಕೃತಜ್ಞತೆ ಸಲ್ಲಿಸುವ ಹೊತ್ತಿಗೆ ಇನ್ನೊಬ್ಬರು ಇಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು; ಹನ್ನೊಂದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಕಾಣಿಸಿಕೊಂಡಿರಲಿಲ್ಲ. ಬಾಯಿಯವರು ಸಾಲಿನ ಉದ್ದಕ್ಕೂ ನಡೆದು, ಒಂದೊಂದು ಗಿಡವನ್ನೂ ಮುಟ್ಟಿ, ವಾಪಸು ಬಂದು ದೇವೀರಮ್ಮನ ಎದುರು ನಿಂತರು. ‘ದೇವ್ ಬರೆಂ...’ ಎಂದು ತುಟಿ ಅಲುಗಿತು. ಆದರೆ ದೇವೀರಮ್ಮ ಪೂರ್ತಿ ಹೇಳಗೊಡಲಿಲ್ಲ.

‘ಒಂದಿನ ತಿರುಗಿ ನೋಡಿದ್ರೆ ನಿಮ್ದೇನ್ ಸವೀತಿತ್ತು ಬಾಯಮ್ಮ? ನೀವ್ ನೋಡಿದ್ರೆ ನನ್ನ ಯಾರಾರ ಕಳ್ಳಿ ಅಂತಿದ್ರಾ?’

‘ತಪ್ಪಾಯ್ತು ದೇವೀರಮ್ಮ,’ ಎಂದರು ಬಾಯಿ, ಎಲ್ಲರಿಗೂ ಕೇಳುವಂತೆ.

ಸೋಮಯ್ಯನವರು ಮಾತ್ರ ತಪ್ಪಾಯಿತೆನ್ನಲಿಲ್ಲ. ‘ಮೂಟೆ ತಗಂಡೋಗು’ ಎಂದರು, ಅಷ್ಟೆ. ಲೈನಿನ ಮನೆ ಉಳಿಯಿತು, ಕೆಲಸ ಉಳಿಯಿತು. ಹೊರಗಿನಿಂದ ಕಡಿಮೆ ಕೂಲಿಗೆ ತರಿಸುವ ಆಳುಗಳಿಗಾಗಿ ಸೋಮಯ್ಯನವರಿಗೆ ಆ ಮನೆ ಬೇಕಿತ್ತೋ ಏನೋ ಎಂಬ ನನ್ನ ಗುಮಾನಿ ಇನ್ನೂ ಹೋಗಿಲ್ಲ.

ಈ ವರ್ಷದ ಕುಯ್ಲು ಮುಗಿದ ದಿನ ಬಾಯಿಯವರು ಆಳುಗಳನ್ನೂ ಅಕ್ಕಪಕ್ಕದ ಬೆಳೆಗಾರರನ್ನೂ ಕರೆದು, ಸಾಲಿನ ತಲೆಯಲ್ಲಿ ನಿಂತು, ಇದು ದೇವೀರಮ್ಮನ ಸಾಲು, ಆಕೆ ದುಡಿದದ್ದು, ಆಕೆಯೇ ಕುಯ್ಯುತ್ತಾಳೆ ಎಂದು ಗಟ್ಟಿಯಾಗಿ ಹೇಳಿದರು. ಹೇಳುವಾಗ ಅವರ ಮುಖ ಕಷಾಯ ಕುಡಿದವರಂತೆ ಹಿಂಡಿಕೊಂಡಿತ್ತು. ಜನ್ಮದಲ್ಲಿ ಅವರು ಮಾಡಿದ ಅತ್ಯಂತ ಕಷ್ಟದ ದಾನ ಆ ಒಂದು ವಾಕ್ಯವೇ ಇರಬೇಕು.

ಡಂಗುರ ಹೊಡೆದು ಕೊಡುವವರ ಮೇಲೆ ನಾನು ಬರೆದದ್ದು ಬೇಕಾದಷ್ಟಾಯಿತು. ಅದರಲ್ಲೊಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬಚ್ಚಿಟ್ಟು ಕೊಡುವ ಸಾಧುಗಳನ್ನೂ ಇನ್ನು ನಾನು ಸುಮ್ಮನೆ ಕೈಮುಗಿದು ಕಳಿಸಲಾರೆ. ಅವರ ಭಕ್ತಿ ದೊಡ್ಡದು, ಸಂಕೋಚ ನಿಜವಾದದ್ದು, ಪ್ರತಿಫಲದ ಆಸೆ ಎಳ್ಳಷ್ಟೂ ಇಲ್ಲ. ಆದರೂ ತಾವು ಮತ್ತು ತಮ್ಮ ದೇವರು, ಇಬ್ಬರೇ ಕೂತು ಮುಗಿಸುವ ವ್ಯವಹಾರದಲ್ಲಿ ಮೂರನೆಯವಳಿಗೆ ಒಂದು ಮುಖವಿದೆ, ಒಂದು ಹೆಸರಿದೆ, ಕೊಡಲಿಕ್ಕೆ ಅವಳ ಬಳಿಯೂ ಏನೋ ಇದೆ ಎಂಬುದನ್ನು ಇವರು ಮರೆಯುತ್ತಾರೆ. ಅನುಮಾನವೇ ಕಾನೂನಾಗಿರುವ ಈ ಕಾಲದಲ್ಲಿ ಬಡವರ ಕೈಗೆ ಗುಟ್ಟಾಗಿ ಇಟ್ಟದ್ದೆಲ್ಲ ಕದ್ದದ್ದರಂತೆಯೇ ಕಾಣುತ್ತದೆ. ನಮ್ಮ ಬೆಟ್ಟಗಳಲ್ಲಿ ಒಳ್ಳೆಯವರಿಗೆ ಈಗಲೂ ಬರವಿಲ್ಲ. ಬರ ಇರುವುದು, ಹತ್ತು ಜನರ ನಡುವೆ ನಿಂತು ‘ಇವಳನ್ನು ನಾನು ಬಲ್ಲೆ’ ಎನ್ನುವವರಿಗೆ.