ಹಾಸಿಗೆ ಹಿಡಿದ ಅತ್ತೆ

ಕ್ಯಾಷಿಯರ್ ಬೆರಳಿಗೆ ಎಂಜಲು ಹಚ್ಚಿಕೊಂಡೇ ಫೋನು ಸರಿಸುತ್ತಿದ್ದರು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ನೋಟು ಮುಟ್ಟಿದ ಬೆರಳು; ಗಾಜಿನ ಮೇಲೂ ಅದಕ್ಕೆ ಎಂಜಲಿಲ್ಲದೆ ನಡೆಯುತ್ತಿರಲಿಲ್ಲ. ಸಾಲ ಕೇಳುವವರ ಮುಖ ಒಂದೊಂದಾಗಿ ಬಂದಂತೆ ಅದರ ಮೇಲೊಂದು ಒದ್ದೆ ಗೆರೆ ಎಳೆದು ಪಕ್ಕಕ್ಕೆ ತಳ್ಳುವರು. ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ಆದರೂ ಭಾನುವಾರ ಊಟವಾದ ಕೂಡಲೇ ಹೋಗಿ ಅವರ ಪಕ್ಕದಲ್ಲೇ ಕೂರುತ್ತಿದ್ದೆ.

ನಾವು ಸೇರುತ್ತಿದ್ದುದು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ. ಒಡೆದ ಸಿರಪ್ ಬಾಟಲಿಗಳಿಂದ ನೆಲವೆಲ್ಲ ಅಂಟಂಟು, ಚಪ್ಪಲಿ ಎತ್ತಿದರೆ ಚರ್ ಎನ್ನುವುದು. ಅಂಗಡಿಯಾಕೆಯನ್ನು ಬೀದಿಯವರೆಲ್ಲ ಮಾತ್ರೆಯಮ್ಮ ಎನ್ನುತ್ತಾರೆ. ಆಕೆ, ಕ್ಯಾಷಿಯರ್, ನಾನು, ಮೂವರೂ ನಮ್ಮ ಉಳಿತಾಯದಲ್ಲಿ ಒಂದಿಷ್ಟು ಸೇರಿಸಿ ಇಂಟರ್ನೆಟ್ಟಿನ ಒಂದು ಸೈಟಿನಲ್ಲಿ ಸಾಲ ಕೊಡುತ್ತಿದ್ದೆವು. ಬೇಕಾದವರು ಒಂದು ಫೋಟೋ, ನಾಲ್ಕು ಮಾತು ಹಾಕುತ್ತಾರೆ. ನಮ್ಮಂಥ ಸಣ್ಣಪುಟ್ಟವರು ನೋಡಿ, ನಂಬಿಕೆ ಬಂದರೆ ಕೊಡುತ್ತೇವೆ. ಚೂರುಪಾರು ಬಡ್ಡಿ ಸಿಗುತ್ತದೆ. ಕೇಳುವವರ ಹೆಸರು ಕೊಡುವವರಿಗೆ ಕಾಣಿಸದು, ಕೊಡುವವರದು ಅವರಿಗೆ ಕಾಣಿಸದು. ನಮ್ಮ ಮೂವರ ಗುಂಪಿಗೆ ಕ್ಯಾಷಿಯರ್ ‘ಸಹಾಯಹಸ್ತ’ ಎಂದು ಹೆಸರಿಟ್ಟಿದ್ದರು.

ಯಾರನ್ನು ನಂಬುವುದು? ಇದಕ್ಕೆ ನಮ್ಮದೇ ಒಂದು ಪದ್ಧತಿ ಬೆಳೆದಿತ್ತು. ಓದುವಾಗ ಮಾತ್ರೆಯಮ್ಮನ ಗಂಟಲು ಕಟ್ಟಬೇಕು. ಕಟ್ಟದಿದ್ದರೆ ಆಕೆ, ‘ಮುಂದೆ’ ಎನ್ನುವಳು, ಎಂಜಲ ಬೆರಳು ಸರಿಯುವುದು. ಕಟ್ಟಿದರೆ ಕ್ಯಾಷಿಯರ್ ಸೈಟಿನ ಮೂಲಕವೇ, ನಮ್ಮ ಮುಖ ಕಾಣಿಸದ ಹಾಗೆ, ವಿಡಿಯೋ ಕರೆ ಮಾಡಿ, ಫೋಟೋದಲ್ಲಿದ್ದ ಕಷ್ಟವನ್ನು ಕಣ್ಣಾರೆ ತೋರಿಸಲು ಹೇಳುವರು. ಕಾಲು ಕಳೆದುಕೊಂಡವನಾದರೆ ಪಂಚೆ ಎತ್ತಿ ತೋರಿಸಬೇಕು. ಸುಟ್ಟಗಾಯವಾದರೆ ಪಟ್ಟಿ ಬಿಚ್ಚಬೇಕು. ಒಮ್ಮೆ ಒಬ್ಬ ಹೆಂಗಸು ಮಗುವಿನ ಬೆನ್ನ ಮೇಲಿನ ಹುಣ್ಣು ತೋರಿಸಿದಾಗ, ‘ಸ್ವಲ್ಪ ಬೆಳಕಿಗೆ ತಿರುಗಿಸಮ್ಮ’ ಎಂದವಳು ನಾನೇ. ತೋರಿಸಲು ಹಿಂದೆಗೆದವರನ್ನು ಸುಳ್ಳರೆಂದು ಬಿಡುತ್ತಿದ್ದೆವು. ಸುಳ್ಳು ಖಚಿತವಾದರೆ ಕೆಂಪು ಗುಂಡಿ ಒತ್ತುವುದು. ಒತ್ತಿದರೆ ಅವರಿಗೆ ಆ ಸೈಟಿನ ಬಾಗಿಲು ಮತ್ತೆ ತೆರೆಯದು.

ಆ ಭಾನುವಾರ ನಾನು ಹೊರಡುವಾಗ ಸೊಸೆ ಮೆಷಿನ್ನಿನಿಂದ ತಲೆಯೆತ್ತಿ, ಬರೋದು ಎಷ್ಟು ಹೊತ್ತಾಗುತ್ತೆ ಅತ್ತೆ, ಎಂದು ಕೇಳಿದಳು. ನನ್ನ ಮೇಲಿನ ಕಾಳಜಿ ಎಂದುಕೊಂಡೆ. ಮಗನದು ಕಾವಲುಗಾರನ ಕೆಲಸ, ಅವಳು ಮನೆಯಲ್ಲೇ ಯೂನಿಫಾರಂ ಹೊಲಿಯುತ್ತಾಳೆ. ಅಂಚು ಕಟ್ಟುವ ಬೇರೆ ಮೆಷಿನ್ ತಂದುಕೊಂಡರೆ ವರ್ಷಪೂರ್ತಿ ಕೆಲಸ ಕೊಡುತ್ತೇನೆ, ಈ ತಿಂಗಳು ದಾಟಿದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಬಟ್ಟೆ ಅಂಗಡಿಯವನು ಅವಳಿಗೆ ಹೇಳಿಬಿಟ್ಟಿದ್ದ. ಅದನ್ನು ಅವಳು ನನಗೂ ಹೇಳಿದ್ದಳು. ನೋಡೋಣ ಎಂದಿದ್ದೆ.

ಅಂಗಡಿಯ ಹಿಂದೆ ಅಂದಿನ ವ್ಯಾಪಾರ ಜೋರಾಗಿತ್ತು. ಎರಡು ಮೂರು ಮುಖಗಳು ಸರಿದ ಮೇಲೆ ಬಂದದ್ದು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಒಬ್ಬ ಮುದುಕಿಯ ಬೆನ್ನು. ಕೂದಲು ಕೆದರಿತ್ತು, ರವಿಕೆ ಭುಜದ ಹತ್ತಿರ ಜೋತುಬಿದ್ದಿತ್ತು. ಕೆಳಗೆ ಬರೆದಿತ್ತು: ಅತ್ತೆ ಹಾಸಿಗೆ ಹಿಡಿದು ಒಂದು ವರ್ಷ, ಮಲಮೂತ್ರ ಎಲ್ಲ ಅಲ್ಲೇ, ನನ್ನನ್ನೇ ಗುರುತಿಸುವುದಿಲ್ಲ, ಆದರೂ ಹೆತ್ತ ತಾಯಿಗಿಂತ ಹೆಚ್ಚು, ಔಷಧಕ್ಕೆ ದಿಕ್ಕಿಲ್ಲ.

ಮಾತ್ರೆಯಮ್ಮನ ಗಂಟಲು ಅರ್ಧಕ್ಕೇ ಕಟ್ಟಿತು. ‘ಪಾಪ ಅಕ್ಕ, ಬೆನ್ನು ನೋಡಿ. ಈ ಮುದುಕಿ ಇನ್ನು ಹೆಚ್ಚು ದಿನ ಇಲ್ಲ’ ಎಂದಳು.

ನನಗೂ ಕಣ್ಣು ತೇವವಾಯಿತು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದೆ. ನನ್ನ ಬೆನ್ನನ್ನು ನಾನು ಯಾವತ್ತು ನೋಡಿದ್ದೆ?

ಕ್ಯಾಷಿಯರ್ ಕರೆ ಮಾಡಿದರು. ಆ ಕಡೆಯಿಂದ ಯಾರೋ ಫೋನನ್ನು ನೆಲದತ್ತ ಹಿಡಿದು, ಹೇಳಿ ಸಾರ್ ಎಂದರು. ಅದು ಬೆಳಗಾದರೆ ಸಂಜೆಯಾದರೆ ನನ್ನನ್ನು ಅತ್ತೆ ಎಂದು ಕರೆಯುವ ದನಿ. ನೆಲದ ಮೇಲೆ ನೀಲಿ ಬಟ್ಟೆಯ ಚೂರುಗಳು ಬಿದ್ದಿದ್ದವು.

ಅವಳಿಗೆ ನಾನು ಔಷಧದಂಗಡಿಗೆ ಹೋಗುತ್ತೇನೆಂದು ಗೊತ್ತು, ಸಾಲ ಕೊಡುತ್ತೇನೆಂದೂ ಗೊತ್ತು. ಆದರೆ ಸಾವಿರಾರು ಗುಂಪುಗಳಿರುವ ಕಡೆ ‘ಸಹಾಯಹಸ್ತ’ ನಾವೇ ಎಂದು ಹೇಗೆ ಗೊತ್ತಾಗಬೇಕು. ನಾನು ಪಕ್ಕಕ್ಕೆ ಸರಿದೆ.

ಕ್ಯಾಷಿಯರ್ ತಮ್ಮ ಬ್ಯಾಂಕಿನ ದನಿಯಲ್ಲಿ ರೋಗಿಯನ್ನು ತೋರಿಸಲು ಹೇಳಿದರು. ಮಲಗಿದ್ದಾರೆ ಎಂದಳು ಅವಳು. ಎಬ್ಬಿಸುವುದು ಬೇಡ, ಸುಮ್ಮನೆ ನೋಡುತ್ತೇವೆ ಎಂದರು ಇವರು. ಆ ಕಡೆ ಸ್ವಲ್ಪ ಹೊತ್ತು ಗುಸುಗುಸು, ಮಂಚ ಕಿರುಗುಟ್ಟಿದ ಸದ್ದು. ಈಗ ಕರೆ ಕಡಿದುಬಿಡುತ್ತಾಳೆ ಎಂದು ಕಾದೆ, ಕಡಿದರೆ ಸಾಕಪ್ಪ ಎಂದು ಬೇಡಿಕೊಂಡೆ. ಕಡಿಯಲಿಲ್ಲ. ಫೋನು ಎದ್ದು ನನ್ನ ಮಂಚವನ್ನು ತೋರಿಸಿತು.

ಮಂಚದ ಮೇಲೆ ನನ್ನ ಹೊದಿಕೆ, ಹೊದಿಕೆಯೊಳಗೆ ಒಂದು ದೇಹ. ನನ್ನ ತಲೆವಸ್ತ್ರವನ್ನು ತಲೆಗೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿತ್ತು. ‘ಅತ್ತೆ, ಒಂಚೂರು ನೀರು ಕುಡೀತೀರಾ?’ ಎಂದಳು ಸೊಸೆ, ನನ್ನ ಜೊತೆ ಎಂದೂ ಆಡದಷ್ಟು ಮೆತ್ತಗೆ. ದೇಹ ನರಳಿತು. ಸಣ್ಣ ದನಿ ಮಾಡಿಕೊಂಡು, ಅಮ್ಮಾ, ಅಮ್ಮಾ ಎಂದು ನರಳಿತು. ಹೊದಿಕೆಯ ತುದಿಯಲ್ಲಿ ಒಂದು ಪಾದ ಹೊರಗಿತ್ತು. ಕಾವಲುಗಾರನ ಬೂಟು ಇಡೀ ವಾರ ತೊಟ್ಟು ತೊಟ್ಟು ಕಣಕಾಲಿನ ಮೇಲೆ ಬಿದ್ದ ಕಪ್ಪು ಪಟ್ಟಿ, ಅದರ ಮೇಲೆ ಕರಡಿಯಂತೆ ಕೂದಲು.

ನನ್ನ ಮಗ. ನಾನು ಸಾಯುತ್ತಿರುವುದನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ನನ್ನ ಹಾಸಿಗೆಯಲ್ಲೇ ಮಲಗಿ ನಟಿಸುತ್ತಿದ್ದ.

ಮಾತ್ರೆಯಮ್ಮ ಸೆರಗಿನಿಂದ ಮೂಗು ಸೀಟಿದಳು. ಕ್ಯಾಷಿಯರ್ ನನ್ನತ್ತ ತಿರುಗಿ ತಲೆಯಾಡಿಸಿದರು, ಸಾಚಾ ಎಂಬಂತೆ. ಆ ಪಾದ ಇಬ್ಬರಿಗೂ ಕಾಣಿಸಲೇ ಇಲ್ಲ. ಅವರು ನರಳುವುದನ್ನು ಕೇಳುತ್ತಿದ್ದರು. ಒಪ್ಪಿಗೆಯ ಗುಂಡಿಯತ್ತ ಬೆರಳು ಹೋಯಿತು. ಆ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಇವರದು.

ನಾನು ಫೋನಿನ ಮೇಲೆ ಬಾಗಿದೆ. ‘ಮಗನೇ, ಕಾಲು ಒಳಗೆ ಎಳ್ಕೋ. ಕಾಣಿಸ್ತಿದೆ’ ಎಂದೆ.

ನರಳಾಟ ನಿಂತಿತು. ಪಾದ ಸರ್ರನೆ ಒಳಹೋಯಿತು. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು, ಚಿಕ್ಕಂದಿನಲ್ಲಿ ಹೇಳಿದ ಮಾತು ಕೇಳುತ್ತಿದ್ದ ಹಾಗೆಯೇ ಕೇಳಿದ. ಆಮೇಲೆ ಪರದೆ ಕಪ್ಪಾಯಿತು.

ಅದು ನನ್ನ ಮನೆ, ಹಾಸಿಗೆ ಹಿಡಿದ ಅತ್ತೆ ನಾನೇ ಎಂದು ಇಬ್ಬರಿಗೂ ಹೇಳಿದೆ. ಅವರು ಬೈಯಲಿಲ್ಲ. ಮಾತ್ರೆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಅಳುತ್ತಿದ್ದಾಳೆ ಎಂದುಕೊಂಡೆ, ಭುಜ ಕುಣಿಯುತ್ತಿದ್ದುದು ನಗುವಿಗೆ. ಕ್ಯಾಷಿಯರ್ ಗಂಭೀರವಾಗಿ, ‘ಅಮ್ಮಾವ್ರೇ, ನಿಮ್ಮ ಮನೆ ವಿಷಯ. ಕೆಂಪು ಗುಂಡಿ ಒತ್ಲಾ, ಬಿಡ್ಲಾ?’ ಎಂದರು. ಬೇರೆಯವರಾಗಿದ್ದರೆ ಕೇಳದೆ ಒತ್ತುತ್ತಿದ್ದರು. ಒತ್ತಿ ಎಂದೆ. ನಾಲಿಗೆಗೆ ಬೆರಳು ತಾಗಿಸಿ ಒತ್ತಿದರು. ನಾನಿನ್ನೂ ಹೊಸ್ತಿಲು ದಾಟುತ್ತಿರುವಾಗಲೇ ಹಿಂದಿನಿಂದ ಮುಂದಿನ ಅರ್ಜಿ ಓದುವುದು ಕೇಳಿಸಿತು. ಯಾರದೋ ಗಂಡನಿಗೆ ಕಣ್ಣು ಹೋಗಿತ್ತು.

ಮನೆಗೆ ಬರುವಷ್ಟರಲ್ಲಿ ಮಂಚ ಓರಣವಾಗಿತ್ತು. ಮಗ ತಲೆ ಬಾಚಿಕೊಂಡು ನಿಂತಿದ್ದ. ತಮಾಷೆಯಲ್ಲಿ ತೇಲಿಸಿಬಿಡಬಹುದು ಎಂದುಕೊಂಡನೇನೋ, ‘ನರಳಿದ್ದು ಸರಿಯಾಗಿತ್ತಾ ಅಮ್ಮ?’ ಎಂದ.

‘ಥೂ’ ಎಂದೆ. ಅವನು ಜಗಲಿಗೆ ಹೋದ.

ಸೊಸೆ ತಲೆ ತಗ್ಗಿಸಲಿಲ್ಲ. ಮೊದಲು ನಿಜವನ್ನೇ ಬರೆದಿದ್ದಳಂತೆ, ಇಂಥ ಮೆಷಿನ್ ಬೇಕು, ಇಷ್ಟು ಕೆಲಸ ಸಿಗುತ್ತದೆ, ಹೀಗೆ ತೀರಿಸುತ್ತೇನೆ ಎಂದು. ಯಾರೂ ತಿರುಗಿ ನೋಡಲಿಲ್ಲವಂತೆ. ಆಮೇಲೆ ಯಾರಿಗೆ ಸಾಲ ಸಿಗುತ್ತಿದೆ ಎಂದು ಓದಿ ನೋಡಿದಳಂತೆ. ಅವಳ ಆ ಮೊದಲ ಅರ್ಜಿ ನಮ್ಮ ಎಂಜಲ ಬೆರಳಿನ ಕೆಳಗೂ ಸರಿದಿತ್ತೋ ಏನೋ, ನೆನಪಿಗೆ ಬರಲಿಲ್ಲ. ಅಂಥವು ಯಾವುವೂ ನೆನಪಿನಲ್ಲಿ ಇರುತ್ತಿರಲಿಲ್ಲ.

ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ.

‘ಕೇಳಿದ್ದೆ. ನೋಡೋಣ ಅಂದ್ರಿ.’ ಅವಳು ನೀಲಿ ಚೂರುಗಳನ್ನು ಕಾಲಲ್ಲೇ ಒಂದು ಕಡೆ ತಳ್ಳಿದಳು. ‘ಇನ್ನೊಂದ್ಸಲ ಕೇಳೋಕೆ ಬಾಯಿ ಬರಲಿಲ್ಲ ಅತ್ತೆ. ಭಾನುವಾರ ಬಂದು ರಾತ್ರಿ ಊಟಕ್ಕೆ ಕೂತ್ಕೊಂಡು ಹೇಳ್ತೀರಲ್ಲ, ಯಾರು ಪಟ್ಟಿ ಬಿಚ್ಚಿದ್ರು, ಯಾರು ನಾಚ್ಕೊಂಡ್ರು ಅಂತ. ನಿಮ್ಮ ಮುಂದೆ ನಿಲ್ಲೋದಕ್ಕಿಂತ ಗುರುತಿಲ್ಲದೋರು ವಾಸಿ ಅನ್ನಿಸ್ತು.’

ಆ ಕೆಲಸವನ್ನು ಅವಳಿಗೆ ಉಳಿಸಿಕೊಡುವುದೊಂದೇ ಈಗ ಮಾಡಬಹುದಾದದ್ದು ಎಂದುಕೊಂಡು ಮೆಷಿನ್ನಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಹೇಳಿದಳು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ನಿಲ್ಲಲಿಲ್ಲ: ‘ಎಷ್ಟು ತಿಂಗಳಲ್ಲಿ ತೀರಿಸ್ತೀಯ? ಅಂಗಡಿಯವನು ಕೊಟ್ಟ ಮಾತಿಗೆ ಗ್ಯಾರಂಟಿ ಏನು? ಅವನ ಹತ್ರ ನಾನೊಂದು ಮಾತು ಆಡಬೇಕಲ್ಲ.’

ಸೊಸೆ ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ಕೊಳೆತದ್ದನ್ನು ಮೂಸಿದವರ ಮುಖ ಹೇಗಿರುತ್ತದೋ ಹಾಗಿತ್ತು.

‘ಅಳಬೇಕಾ ಅತ್ತೆ, ಹೀಗೇ ಸಾಕಾ?’ ಎಂದಳು.

ಮರುದಿನ ದುಡ್ಡನ್ನು ಮಗನ ಕೈಯಲ್ಲಿ ಕೊಡಿಸಿದೆ. ಅವಳ ಕೈಗೆ ಕೊಡಲು ಮುಖವಿರಲಿಲ್ಲ. ಅವಳು ಬೇಡ ಎನ್ನಲಿಲ್ಲ, ಕೆಲಸ ಬೇಕಿತ್ತು. ಈಗ ಎರಡು ಮೆಷಿನ್ನುಗಳ ಸದ್ದಿನಲ್ಲಿ ಮನೆಯಲ್ಲಿ ಮಾತು ಕೇಳಿಸುವುದೂ ಕಷ್ಟ. ತಿಂಗಳು ತಿಂಗಳು ತಪ್ಪದೆ ನನ್ನ ದಿಂಬಿನ ಪಕ್ಕ ಕಂತು ಇಟ್ಟು ಹೋಗುತ್ತಾಳೆ. ಮೇಲೆ ಬಡ್ಡಿಯನ್ನೂ ಇಡುತ್ತಾಳೆ. ಬಡ್ಡಿ ಬೇಡವೆಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.