ಬುಜಾಂಗ್ ಸಾಹೇಬರ ಸಮಾನತೆ

ಇಪ್ಪತ್ತೆರಡು ವರ್ಷ ಕಾದು ಕಾದು ಪ್ಯೊ ಗ್ವಾಂಗ್‌ಶಿಕ್ ಕೊನೆಗೂ ಬುಜಾಂಗ್ ಆದ. ಬುಜಾಂಗ್ ಎಂದರೆ ಒಂದು ಇಡೀ ವಿಭಾಗದ ಯಜಮಾನ. ಆದೇಶ ಕೈಗೆ ಬಂದದ್ದು ಶುಕ್ರವಾರ ಸಂಜೆ. ಸೋಮವಾರ ಬೆಳಿಗ್ಗೆ ಕಂಪನಿಯಲ್ಲಿ ಪದವಿಗಳನ್ನೇ ರದ್ದು ಮಾಡಿದರು. ನಡುವಿನ ಎರಡು ದಿನ ಅವನನ್ನು ಬುಜಾಂಗ್ ಎಂದು ಕರೆಯಲು ಮನೆಯಲ್ಲಿ ಇದ್ದವಳು ಹೆಂಡತಿ ಒಬ್ಬಳೇ. ಅವಳು ಕರೆದದ್ದೂ ಕಸ ಹೊರಗಿಟ್ಟು ಬಾ ಎನ್ನಲು.

ಇಂಚನ್ ನಗರದ ಆ ರೈಸ್ ಕುಕ್ಕರ್ ಕಂಪನಿಯ ಮಾಲೀಕರಿಗೆ ಒಬ್ಬನೇ ಮಗ, ಸಂಗ್‌ಜುನ್. ಮೂವತ್ತಮೂರರ ಪ್ರಾಯ. ಹೊರದೇಶದಲ್ಲಿ ಓದಿ ಬಂದವನೇ ಉಪಾಧ್ಯಕ್ಷನಾಗಿದ್ದ. ಟೀಶರ್ಟ್ ತೊಟ್ಟು ವೇದಿಕೆ ಹತ್ತಿ, "ಇನ್ನು ಮೇಲೆ ನಮ್ಮಲ್ಲಿ ಮೇಲು ಇಲ್ಲ, ಕೀಳು ಇಲ್ಲ. ಎಲ್ರೂ ಎಲ್ರನ್ನೂ ಹೆಸರು ಹಿಡಿದು, 'ಅವ್ರೇ' ಅಂತ ಸೇರಿಸಿ ಕರೀಬೇಕು. ನಾನೂ ಅಷ್ಟೇ, ಬರೀ ಸಂಗ್‌ಜುನ್ ಅವ್ರೇ," ಎಂದ. ಮುನ್ನೂರು ಜನ ಎದ್ದು ನಿಂತು, ಸೊಂಟ ಬಗ್ಗಿಸಿ ವಂದಿಸಿ, ಸಮಾನತೆಯನ್ನು ಒಪ್ಪಿಕೊಂಡರು.

ಈ ಬದಲಾವಣೆಗೆ ಮುಂದಾಳು ಬೇಕಲ್ಲ? ಉಪಾಧ್ಯಕ್ಷನ ಕಣ್ಣು ಗ್ವಾಂಗ್‌ಶಿಕ್ ಮೇಲೆ ಬಿತ್ತು.

"ಹೊಸದಾಗಿ ಸಿಕ್ಕ ಪದವೀನ ನೀವೇ ಮೊದ್ಲು ಬಿಟ್ಟುಕೊಟ್ರೆ ಉಳಿದವ್ರಿಗೆ ಮಾದರಿ ಆಗತ್ತೆ. ಏನಂತೀರಿ, ಗ್ವಾಂಗ್‌ಶಿಕ್ ಅವ್ರೇ?"

ಗ್ವಾಂಗ್‌ಶಿಕ್ ಹೌದು ಎಂದ. ಇಪ್ಪತ್ತೆರಡು ವರ್ಷದಿಂದ ಮೇಲಿನವರಿಗೆ ಅವನು ಹೇಳುತ್ತ ಬಂದ ಮಾತು ಅದೊಂದೇ. ಆದರೆ ಶುಕ್ರವಾರವೇ ಹುಟ್ಟೂರು ಆಂದೊಂಗ್‌ನಲ್ಲಿದ್ದ ತಾಯಿಗೆ ಫೋನ್ ಮಾಡಿ ಸುದ್ದಿ ಹೇಳಿಬಿಟ್ಟಿದ್ದ. ಅವಳು ಊರಿನ ಮುದುಕರನ್ನೆಲ್ಲ ಕೂರಿಸಿಕೊಂಡು, ನನ್ನ ಮಗ ಬುಜಾಂಗ್ ಆದ ಎಂದು ಸಾರಿಯೂ ಆಗಿತ್ತು. ಈಗ ಹೇಗೆ ಹೇಳುವುದು? ಹೇಳಲಿಲ್ಲ.

ಮೊದಮೊದಲು ಕಚೇರಿಯಲ್ಲಿ ಮಾತೇ ನಿಂತುಹೋಯಿತು. ಐವತ್ತೊಂದು ವರ್ಷದವನನ್ನು ಹೆಸರು ಹಿಡಿದು ಕರೆಯಲು ಯಾರಿಗೂ ನಾಲಿಗೆ ಹೊರಳದು. ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಗಸರ ಹಾಗೆ ಬಂದು ಮೇಜಿನ ಪಕ್ಕ ನಿಂತು ಕೆಮ್ಮುವರು, "ಇಲ್ನೋಡಿ..." ಎನ್ನುವರು. ಎರಡು ವಾರ ವಿಭಾಗದಲ್ಲಿ ಎಲ್ಲರಿಗೂ ನೆಗಡಿ ಎಂದುಕೊಳ್ಳಬೇಕು, ಹಾಗಿತ್ತು.

ಮೊದಲು ಬಾಯಿಬಿಟ್ಟವಳು ಯುನ್‌ಸಲ್. ವಿಭಾಗಕ್ಕೆಲ್ಲ ಕಿರಿಯಳು, ಇಪ್ಪತ್ತಾರರ ಹುಡುಗಿ. ಒಂದು ದಿನ ಸಭೆಯಲ್ಲಿ, "ಗ್ವಾಂಗ್‌ಶಿಕ್ ಅವ್ರೇ, ಈ ಮುಚ್ಚಳ ಹೀಗಿದ್ರೆ ಎಡಗೈಯವರು ಕೈ ಸುಟ್ಕೋತಾರೆ. ಇದು ತಪ್ಪು," ಎಂದಳು.

ತಪ್ಪು ಎಂಬ ಮಾತನ್ನು ಅವನಿಗೆ ಕೆಳಗಿನವರು ಯಾರೂ ಹೇಳಿರಲಿಲ್ಲ, ಅವನೂ ಮೇಲಿನವರಿಗೆ ಹೇಳಿರಲಿಲ್ಲ. ಆದರೆ ನೋಡಿದರೆ ಹುಡುಗಿ ಹೇಳಿದ್ದು ದಿಟವೇ. "ನೀವು ಹೇಳಿದ್ದು ಸರಿ ಯುನ್‌ಸಲ್ ಅವ್ರೇ," ಎಂದು ತಿದ್ದಿಸಿದ. ಆಮೇಲೆ ಅವಳು ವಾರಕ್ಕೆರಡು ಬಾರಿಯಾದರೂ ಅವನ ತಪ್ಪು ಹಿಡಿದಳು. ಅವನು ವಾರಕ್ಕೆರಡು ಬಾರಿ ಹಲ್ಲು ಕಚ್ಚಿ ತಿದ್ದಿಕೊಂಡ. ಕೆಲಸ ಚೆನ್ನಾಗಿ ಆಗುತ್ತಿತ್ತು, ಅದೂ ಅವನಿಗೆ ಗೊತ್ತಿತ್ತು. ಅಷ್ಟಾದರೂ ದಿನಕ್ಕೊಮ್ಮೆ, ಲಿಫ್ಟಿನಲ್ಲಿ ಒಬ್ಬನೇ ಇದ್ದಾಗ, ಬುಜಾಂಗ್ ಸಾಹೇಬ್ರೇ ಎಂದು ತನ್ನನ್ನು ತಾನೇ ಮೆಲ್ಲಗೆ ಕರೆದುಕೊಳ್ಳುತ್ತಿದ್ದ.

ಮೂರು ತಿಂಗಳ ಮೇಲೆ, ಮಂಡಿನೋವು ಇಳಿಯಿತೆಂದು, ಎಂಬತ್ತನಾಲ್ಕರ ತಾಯಿ ಹೇಳದೆ ಕೇಳದೆ ಬಸ್ಸು ಹತ್ತಿ ಬಂದೇಬಿಟ್ಟಳು. ಬುಜಾಂಗ್‌ನ ಕಚೇರಿಗೆ ಹಂಚಲು ಆವಿಯಲ್ಲಿ ಬೇಯಿಸಿದ ಅಕ್ಕಿ ಕಡುಬು, ತೊಕ್, ಒಂದು ದೊಡ್ಡ ಗಂಟು ಕೈಯಲ್ಲಿತ್ತು. ಒಳಗೆ ಕಾಲಿಟ್ಟಾಗ ಅವಳ ಕಿವಿಗೆ ಬಿದ್ದದ್ದು ಯುನ್‌ಸಲ್‌ಳ ಕೂಗು, "ಗ್ವಾಂಗ್‌ಶಿಕ್ ಅವ್ರೇ, ನಿಮ್ಮಮ್ಮ ಬಂದಿದಾರೆ!"

ಮುದುಕಿಯ ಮುಖ ಕಪ್ಪಿಟ್ಟಿತು. ಮಗನನ್ನು ಮೂಲೆಗೆ ಎಳೆದು, "ಏನೋ ತಪ್ಪು ಮಾಡಿದೆ? ಪದವಿ ಕಿತ್ಕೊಂಡ್ರಾ? ಮೊನ್ನೆ ಹುಟ್ಟಿದ ಹುಡುಗಿ ನಿನ್ನ ಹೆಸರು ಹಿಡಿದು ಕೂಗ್ತಾಳೆ?" ಎಂದಳು.

"ಹಾಗಲ್ಲಮ್ಮ. ಇಲ್ಲಿ ಈಗ ಎಲ್ರೂ ಸಮ. ಮೇಲು ಕೀಳು ಇಲ್ಲ."

"ಎಲ್ರೂ ಸಮಾನೇ?"

"ಎಲ್ರೂ."

ಮುದುಕಿ ತಲೆದೂಗಿದಳು. ಸಮ ಎಂದ ಮೇಲೆ ದೊಡ್ಡವರು ಚಿಕ್ಕವರು ಎನ್ನಲು ವಯಸ್ಸೊಂದೇ ತಾನೇ ಉಳಿಯುವುದು? ಅಷ್ಟರಲ್ಲಿ ಟೀಶರ್ಟಿನವನೊಬ್ಬ ಒಳಬಂದ. ಯಾರೋ "ಸಂಗ್‌ಜುನ್ ಅವ್ರೇ" ಎಂದದ್ದು ಅವಳಿಗೆ ಕೇಳಿಸಿತು.

"ಲೋ ಸಂಗ್‌ಜುನಾ, ಬಾರೋ ಇಲ್ಲಿ! ಊಟ ಆಯ್ತೇನೋ? ಇದೇನು ಹೀಗೆ ಸಣಕಲಾಗಿದ್ದೀಯ, ಅಂಗಿನೂ ಇಲ್ವೇನೋ ನಿಂಗೆ, ಬನೀನಲ್ಲಿ ಬಂದಿದ್ದೀಯ? ತಗೋ, ಬಾಯಿ ತೆಗಿ!" ಎಂದು ಒಂದು ತುಂಡು ತೊಕ್ ಅವನ ಬಾಯಿಗೆ ತುರುಕಿ, ಬೆನ್ನಿಗೊಂದು ಏಟು ಕೊಟ್ಟಳು. ನಿಜಕ್ಕೂ, ಆ ಕಂಪನಿಯಲ್ಲಿ ನಿಯಮವನ್ನು ಮನಸಾರೆ ಪಾಲಿಸಿದವಳು ಅವಳೊಬ್ಬಳೇ.

ಉಪಾಧ್ಯಕ್ಷ ತೊಕ್ ಅಗಿದ, ನುಂಗಿದ, ನಕ್ಕಂತೆ ಮಾಡಿದ, ಹೊರಟುಹೋದ.

ಗುರುವಾರ ಸುತ್ತೋಲೆ ಬಂತು. ಸಮಾನತೆಯ ಮೊದಲ ಹಂತ ಭರ್ಜರಿಯಾಗಿ ಯಶಸ್ವಿಯಾಗಿದೆಯಂತೆ. ಎರಡನೇ ಹಂತದಲ್ಲಿ ಪದವಿಗಳನ್ನು ಮತ್ತೆ ಬಳಕೆಗೆ ತರಲಾಗುವುದಂತೆ. ಮುಂದಾಳು ಯಥಾಪ್ರಕಾರ ಪ್ಯೊ ಗ್ವಾಂಗ್‌ಶಿಕ್. ಮೊದಲ ಹಂತದ ಭಾಷಣಕ್ಕೆ ತಾನು ಬಳಸಿದ್ದ ಸ್ಲೈಡುಗಳನ್ನೇ ಅವನು ತೆಗೆದು, ಬಾಣದ ಗುರುತು ತಿರುಗಿಸಿ, ಮತ್ತೊಮ್ಮೆ ಭಾಷಣ ಮಾಡಿದ. ಮುನ್ನೂರು ಜನ ಮತ್ತೊಮ್ಮೆ ಬಗ್ಗಿದರು.

ಸೋಮವಾರ ಅವನು ಒಳಬರುತ್ತಲೇ ವಿಭಾಗವೆಲ್ಲ ಎದ್ದು ನಿಂತಿತು. "ಬುಜಾಂಗ್ ಸಾಹೇಬ್ರೇ, ನಮಸ್ಕಾರ!" ಅವನ ಕಣ್ಣು ತುಂಬಿತು, ಸುಳ್ಳೇಕೆ. ಸಂಡಾಸಿಗೆ ಹೋಗಿ ಮುಖ ತೊಳೆದು ಬಂದು ಸಭೆಗೆ ಕೂತ.

ಹೊಸ ಕುಕ್ಕರ್ ಮಾರಾಟಕ್ಕೆ ಬಿಡುವ ದಿನವನ್ನು ಅವನು ಪರದೆಯ ಮೇಲೆ ತೋರಿಸಿದ. ತೋರಿಸುತ್ತಿದ್ದಂತೆ ಅವನಿಗೇ ಹೊಳೆಯಿತು. ಅದು ಚುಸೊಕ್ ಹಬ್ಬದ ದಿನ. ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಊರಿಗೆ ಊರೇ ಹಿರಿಯರ ಸಮಾಧಿಗಳ ಮುಂದೆ ಬಗ್ಗಿರುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ತಾರೀಖಿನ ಕೆಳಗೆ ಕೆಂಪು ಅಕ್ಷರ ಇತ್ತು. ಕೂತವರ ಕಣ್ಣು ಒಂದೊಂದಾಗಿ ಅಲ್ಲಿಗೆ ಹೋಗಿ ವಾಪಸು ಬಂತು.

ಅವನು ಯುನ್‌ಸಲ್ ಕಡೆ ತಿರುಗಿದ. "ನೀನು ಏನಂತೀಯ?"

ಅವಳು ಎದ್ದು ನಿಂತಳು. ಹೇಳೇ ಮಾರಾಯ್ತಿ, ತಪ್ಪು ಅಂತ ಹೇಳು ಎಂದು ಅವನ ಒಳಗೆಲ್ಲ ಕೂಗಿಕೊಳ್ಳುತ್ತಿತ್ತು.

"ತುಂಬಾ ಒಳ್ಳೇ ದಿನ, ಬುಜಾಂಗ್ ಸಾಹೇಬ್ರೇ," ಎಂದು ಅವಳು ತಾರೀಖನ್ನು ಅಂದವಾಗಿ ಬರೆದುಕೊಂಡಳು.