ಹನುಮಕ್ಕ ಕಾಶಿಯಲ್ಲಿ ಬಿಟ್ಟದ್ದು

ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಮಂಜು ತೀರಿಕೊಂಡ ಮೇಲೆ ಅಘನಾಶಿನಿಯ ಆ ಮನೆಯಲ್ಲಿ ಉಳಿದವರು ಇಬ್ಬರೇ, ಅವನ ತಾಯಿ ಹನುಮಕ್ಕ ಮತ್ತು ಹೆಂಡತಿ ಸೀತೆ. ನೀರು ಇಳಿದಾಗ ಇಬ್ಬರೂ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವರು, ಬುಟ್ಟಿ ಹೊತ್ತು ಕುಮಟೆಯಲ್ಲಿ ಮಾರುವರು. ಮನೆಯೊಳಗೆ ಮಾತು ಕಡಿಮೆ. ಜಗಳವೇನಿರಲಿಲ್ಲ. ಒಬ್ಬರ ಮುಂದೆ ಒಬ್ಬರು ಅವನ ಹೆಸರೆತ್ತಲು ಹೆದರುತ್ತಿದ್ದರು, ಅಷ್ಟೆ. ಮೂರು ವರ್ಷ ಹಾಗೇ ಕಳೆಯಿತು.

ಮಗನ ಹೆಣ ಸಿಕ್ಕಿರಲಿಲ್ಲ. ಗಂಗೆಯಲ್ಲಿ ಅವನ ಹೆಸರಿಗೆ ಒಂದು ಬೊಗಸೆ ನೀರು ಬಿಟ್ಟರೆ ಜೀವಕ್ಕೆ ಸಮಾಧಾನವಾದೀತು ಎಂದು ಹನುಮಕ್ಕನ ಮನಸ್ಸಿಗೆ ಬಂತು. ಅರವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಅತ್ತೆ ಸೊಸೆ ಅವಲಕ್ಕಿ, ಬೆಲ್ಲ, ಬಟ್ಟೆ ಗಂಟು ಕಟ್ಟಿ ಹೊರಟರು. ಹನುಮಕ್ಕನ ತಮ್ಮ ಜಟ್ಟ ದಾಂಡೇಲಿಯ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ಮೊದಲು ಅವನ ಮನೆ, ಆಮೇಲೆ ಅಳ್ನಾವರದಲ್ಲಿ ರೈಲು ಎಂದು ಮಾತಾಗಿತ್ತು.

"ಇಲ್ಲಿವರೆಗೆ ಬಂದು ಕಾಡು ನೋಡದೆ ಹೋಗೂದಾ ಅಕ್ಕ?" ಎಂದ ಜಟ್ಟ, ದಿಮ್ಮಿ ತರಲು ಹೋಗುವ ಲಾರಿಗೆ ಇಬ್ಬರನ್ನೂ ಹತ್ತಿಸಿದ. ಲಾರಿಯಲ್ಲಿ ಫಾರೆಸ್ಟ್ ಗಾರ್ಡ್ ದೇವು ಇದ್ದ. ಊರು ಕುಮಟೆ ಹತ್ತಿರದ ಬಾಡ. ಊರ ಕಡೆಯವರೆಂದು ತಿಳಿದದ್ದೇ ಅವನ ಮಾತಿಗೆ ತಡೆಯೇ ಇಲ್ಲದಂತಾಯಿತು. ದಾರಿಯುದ್ದಕ್ಕೂ ಕೈ ತೋರಿಸುತ್ತ ಬಂದ. ಬಿದಿರಿನ ಮೆಳೆಯಾಚೆ ಕಾಡುಕೋಣಗಳ ಹಿಂಡು ಮೇಯುತ್ತಿತ್ತು. ಮೊಣಕಾಲ ಕೆಳಗೆ ಬಿಳಿ ಕಾಲ್ಚೀಲ ತೊಟ್ಟಂಥ ಕಾಲುಗಳನ್ನು ಸೀತೆ ಬಾಯಿ ತೆರೆದು ನೋಡಿದಳು.

ತಿರುವು ದಾಟಿದರೆ ರಸ್ತೆ ನಡುವೆ ಆನೆ. ಡ್ರೈವರ್ ಇಂಜಿನ್ ನಿಲ್ಲಿಸಿದ. "ಉಸಿರೆತ್ತಬೇಡಿ" ಎಂದು ದೇವು ಪಿಸುಗುಟ್ಟಿದ. ಎಲ್ಲರೂ ಕಲ್ಲಾಗಿ ಕೂತಾಗ ಸೀತೆಗೆ ಬಿಕ್ಕಳಿಕೆ ಶುರುವಾಯಿತು. ತಡೆದಷ್ಟೂ ಜೋರಾಯಿತು. ಹನುಮಕ್ಕ ಅವಳ ಬಾಯಿ ಮುಚ್ಚಿ ಹಿಡಿದಳು. ಆನೆ ಕಿವಿ ಬೀಸಿ, ಒಮ್ಮೆ ಈ ಕಡೆ ನೋಡಿ, ತನಗೇಕೆ ಎಂಬಂತೆ ಕಾಡಿಗಿಳಿಯಿತು. "ಆನೆಗೂ ಪಾಪ ಕಂಡಿತು. ನೀರು ಕುಡಿಸಿ ಅಂತ ಹೇಳಿ ಹೋಯ್ತು" ಎಂದ ದೇವು. ಸೀತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮಗ ಹೋದ ಮೇಲೆ ಆ ನಗು ಹನುಮಕ್ಕನ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ರೈಲಿಗೆ ಹೊರಡುವಾಗ ಬಟ್ಟೆಗಂಟು ಹರಿಯಿತು. ದೇವು ತನ್ನ ಬೆನ್ನಿನ ಖಾಕಿ ಚೀಲವನ್ನು ತಂದುಕೊಟ್ಟ. ಸೀತೆ ಅದನ್ನು ಬೆನ್ನಿಗೇರಿಸಿಕೊಂಡಳು. ಪುಣೆ ದಾಟಿ, ಅಲ್ಲಲ್ಲಿ ಗಾಡಿ ಬದಲಿಸಿ, ಜನರ ಕಾಲ ಬುಡದಲ್ಲಿ ಕೂತು, ಅವಲಕ್ಕಿ ನೆನೆಸಿ ತಿಂದು ಇಬ್ಬರೂ ಕಾಶಿ ಸೇರಿದರು.

ಗಂಗೆಯ ಮೇಲೆ ಮಂಜು ಕವಿದಿತ್ತು. ಮಗನ ಹೆಸರಿಗೆ ನೀರು ಬಿಟ್ಟದ್ದಾಯಿತು. ಘಾಟಿನ ಪಂಡಾ ಮರಾಠಿಯಲ್ಲಿ ಮಾತಾಡಿದ. ಕೊಂಕಣಿ ಬಲ್ಲ ಇವರಿಗೆ ಅರ್ಥವಾಯಿತು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಇಲ್ಲಿ ಬಿಟ್ಟು ಹೋಗಬೇಕು ಎಂದ. "ಹಲಸಿನ ಹಣ್ಣು" ಎಂದು ಸೀತೆ ಮುಳುಗಿದಳು. ಹನುಮಕ್ಕ ಬಾಯಿಬಿಟ್ಟು ಏನೂ ಹೇಳದೆ ಮುಳುಗಿ ಎದ್ದಳು.

ಮೆಟ್ಟಿಲ ಮೇಲೆ ಸೀರೆ ಹಿಂಡುತ್ತ ಸೀತೆ ಕೇಳಿದಳು, "ಅತ್ತೆ, ನೀವು ಎಂತ ಬಿಟ್ರಿ?"

"ನಿನ್ನ."

ಸೀತೆಯ ಕೈ ನಿಂತಿತು. "ನಾನು ಎಂತ ತಪ್ಪು ಮಾಡಿದೆ?"

"ತಪ್ಪು ನಂದು. ನೀನು ಮನೆಯಲ್ಲಿದ್ದರೆ ಅವನೂ ಒಂಚೂರು ಇದ್ದ ಹಾಗೆ ಅಂತ ನಿನ್ನ ಕಟ್ಟಿ ಇಟ್ಟುಕೊಂಡೆ. ಮೊನ್ನೆ ನೀನು ನಗಾಡಿದ್ದು ಕೇಳಿದೆ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ ಮದುವೆ ಇದೆಯಲ್ಲ. ಇನ್ನೊಂದು ಸಂಸಾರ ಮಾಡು."

"ದೇವು ಅಂತ ಹೇಳ್ತೀರಾ?"

"ಅವನಾದರೂ ಆತು, ಬೇರೆಯವನಾದರೂ ಆತು. ಯಾರೂ ಬೇಡ ಅಂದರೂ ಆತು. ನನ್ನ ಸಲುವಾಗಿ ಮಾತ್ರ ಇರಬೇಡ."

ಸೀತೆ ಹಿಂಡಿದ ಸೀರೆಯನ್ನು ಮೆಟ್ಟಿಲ ಮೇಲೆ ಹರಡಿದಳು. ಆಮೇಲೆ, "ಅವರಿಗೆ ಈಜು ಅಷ್ಟು ಚೆಂದ ಬರ್ತಿತ್ತು, ಅತ್ತೆ" ಎಂದು ಅತ್ತಳು.

"ಚಿಕ್ಕವನಿದ್ದಾಗ ನೀರಿಂದ ಎಳೆದು ತರಬೇಕಿತ್ತು" ಎಂದಳು ಹನುಮಕ್ಕ. ಮಂಜು ಹರಿದು ಬಿಸಿಲೇರುವವರೆಗೂ ಇಬ್ಬರೂ ಅಲ್ಲೇ ಕೂತು ಅವನ ಮಾತಾಡಿದರು. ಅವನ ಸಿಟ್ಟು, ಅವನಿಗೆ ಸೇರುತ್ತಿದ್ದ ಸಾರು, ಅವನು ಹೇಳುತ್ತಿದ್ದ ಸುಳ್ಳುಗಳು.

ತಿರುಗಿ ಬರುವಾಗ ಚೀಲ ಕೊಡಲೆಂದು ದಾಂಡೇಲಿಗೆ ಹೋದರು. ಅಲ್ಲಿ ಐದಾರು ದಿನ ನಿಂತರು. ದೇವು ದಿನಾ ಏನಾದರೊಂದು ನೆವ ಮಾಡಿಕೊಂಡು ಜಟ್ಟನ ಮನೆಗೆ ಬಂದ. ಕಾಡಿನಲ್ಲಿರುವವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಹನುಮಕ್ಕ ವಿಷಯ ಎತ್ತಿದಾಗ ಅವನು ನೆಲ ನೋಡಿದ. ಕೇಳಿದವಳು ಸೀತೆಯೇ:

"ಅತ್ತೆ ಯಾವಾಗ ಬಂದರೂ, ಎಷ್ಟು ದಿನ ಇದ್ದರೂ ನಿಮಗೆ ಬೇಜಾರಿಲ್ಲವಾ?"

"ನನಗೆ ತಾಯಿ ಇಲ್ಲ" ಎಂದ ದೇವು.

ಜಟ್ಟನ ಮನೆಯಲ್ಲೇ ಉಡಿಕೆಯಾಯಿತು. ಹನುಮಕ್ಕನೇ ಸೀರೆ ಉಡಿಸಿದಳು. ಇಲ್ಲೇ ಇರಿ ಎಂದು ಇಬ್ಬರೂ ಹಿಡಿದುಕೊಂಡರೂ, ಹೊಳೆ ಬಿಟ್ಟು ಇರಲಾರೆ ಎಂದು ಅವಳು ಊರಿಗೆ ಹೊರಟಳು.

ಅಘನಾಶಿನಿಯಲ್ಲಿ ಬಳಚು ಆರಿಸುವ ಹೆಂಗಸರು ಸೊಸೆಯೆಲ್ಲಿ ಎಂದು ಕೇಳಿದರು. "ಮಗಳನ್ನ ಕೊಟ್ಟು ಬಂದೆ" ಎಂದು ಹನುಮಕ್ಕ ನೀರಿಗಿಳಿದಳು.

ಮಳೆಗಾಲ ಮುಗಿದದ್ದೇ ಸೀತೆ ಬಸುರಿ ಎಂಬ ಸುದ್ದಿ ಬಂತು. ಹನುಮಕ್ಕ ಒಣಮೀನು ಕಟ್ಟಿಕೊಂಡು ಬಸ್ಸು ಹತ್ತಿದಳು. ವಾಸನೆಗೆ ಮೂಗು ಮುರಿದ ಕಂಡಕ್ಟರ್ ಅವಳನ್ನು ಹಿಂದಿನ ಸೀಟಿಗೆ ಕಳಿಸಿದ. ಘಟ್ಟ ಹತ್ತುವಷ್ಟೂ ಹೊತ್ತು ಅವಳು ಪಕ್ಕದವರಿಗೆ ಕಾಡುಕೋಣದ ಬಿಳಿ ಕಾಲ್ಚೀಲದ ಸುದ್ದಿ ಹೇಳುತ್ತಲೇ ಇದ್ದಳು.